25 ಮೈಲಿಯ ಸ್ಟೆಪ್ನಿ, ಮೂರು ವಾರದ ಹೊಸ ಟೈರ್

ಪ್ರಶ್ನೆ: ನಾವು ಬೋಸ್ಟನ್ ಸಮೀಪ ಇರುವ ಕನ್ನಡಿಗರು. ನಮ್ಮದು 2008ರ ಸುಬಾರು ಔಟ್‌ಬ್ಯಾಕ್. ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಬಗೆ), ಟರ್ಬೊ ಇಲ್ಲದ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಕೈ ಬದಲಾಗಿ ಬಂದ ಕಾರು. ಅಕ್ಟೋಬರಿನಲ್ಲಿ ಎಲೆಗಳ ಬಣ್ಣ ನೋಡಲು ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿಯಲ್ಲಿ ಹೋಗುತ್ತಿದ್ದಾಗ ಮುಂದಿನ ಬಲ ಟೈರಿನ ಪಕ್ಕೆ ಕಲ್ಲಿಗೆ ತಗುಲಿ ಸೀಳಿತು. ಡಿಕ್ಕಿಯಲ್ಲಿದ್ದ ತೆಳ್ಳಗಿನ ತಾತ್ಕಾಲಿಕ ಸ್ಟೆಪ್ನಿಯನ್ನು ಅದೇ ಜಾಗಕ್ಕೆ ಹಾಕಿ 25 ಮೈಲಿ ಓಡಿಸಿ ಕಾನ್ವೇ ಸೇರಿದೆವು. ಮನೆ ಇನ್ನೂ ಸುಮಾರು 140 ಮೈಲಿ. ಹಾಗೆಯೇ ಹೋಗಿಬಿಡೋಣ ಎಂದೆ, ಪತ್ನಿ ಒಪ್ಪಲಿಲ್ಲ. ಮರುದಿನ ಅಂಗಡಿಯೊಂದರಲ್ಲಿ ಅದೇ ಅಳತೆಯ ಒಂದು ಹೊಸ ಟೈರ್ ಹಾಕಿಸಿಕೊಂಡು ಮರಳಿದೆವು. ಆಮೇಲೆ ಮೂರು ವಾರ, ದಿನಕ್ಕೆ 40 ಮೈಲಿ ಕಚೇರಿಯ ಓಡಾಟ. ಈಗ ಪಾರ್ಕಿಂಗ್ ಜಾಗದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಯಾರೋ ಬ್ರೇಕ್ ಹಿಡಿದಂತೆ ಕಾರು ತಡೆತಡೆದು ಕುಂಟುತ್ತದೆ. ಟೈರ್ 225/55 ಆರ್17. ಸ್ಟೆಪ್ನಿಯ ಮೇಲೆ ಟಿ155/70 ಡಿ17 ಎಂದಿದೆ. ಹೊಸ ಟೈರಿನ ಟ್ರೆಡ್, ಅಂದರೆ ನೆಲಕ್ಕೆ ತಾಗುವ ಮೈಯಲ್ಲಿನ ಗೀರುಗಳ ಆಳ, 8 ಮಿ.ಮೀ., ಉಳಿದ ಮೂರರದು 4.5 ಮಿ.ಮೀ. ಸ್ಟೆಪ್ನಿಯಲ್ಲಿ ಓಡಿಸಿ ಗೇರ್‌ಬಾಕ್ಸ್ ಹಾಳುಮಾಡಿಕೊಂಡೆನೇ? ಅಂದು ಏನು ಮಾಡಬೇಕಿತ್ತು?

ಉತ್ತರ: ಅಂದು ಹಟ ಹಿಡಿದ ನಿಮ್ಮ ಪತ್ನಿಗೆ ಮೊದಲು ನನ್ನ ವಂದನೆ ತಿಳಿಸಿ. ಆ 25 ಮೈಲಿಯಲ್ಲಿ ನೀವು ಎರಡು ತಪ್ಪು ಮಾಡಿದ್ದೀರಿ, ಅವುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಕಾರು ಈಗ ಕುಂಟುತ್ತಿರುವುದಕ್ಕೆ ಆ ಬಡ ಸ್ಟೆಪ್ನಿಯನ್ನು ಹಿಡಿದು ದಂಡಿಸಲು ನನಗೆ ಮನಸ್ಸಿಲ್ಲ. ನನ್ನ ಸಂಶಯವಿರುವುದು ಮರುದಿನ ದುಡ್ಡು ಕೊಟ್ಟು ಹಾಕಿಸಿದ ಒಂಟಿ ಹೊಸ ಟೈರಿನ ಮೇಲೆ.

ಇಷ್ಟು ಧೈರ್ಯವಾಗಿ ಹೇಳಲು ಕಾರಣ ನೀವು ಕಳಿಸಿದ ಅಳತೆಗಳು. ಹೆಚ್ಚಿನವರು ‘ಟೈರ್ ಚೆನ್ನಾಗಿಯೇ ಇದೆ’ ಎಂದು ಬರೆದು ಸುಮ್ಮನಾಗುತ್ತಾರೆ. ನೀವು ಟ್ರೆಡ್ಡಿನ ಆಳ ಅಳೆದಿದ್ದೀರಿ. ಹಾಗಾಗಿ ಊಹೆ ಬಿಟ್ಟು ಲೆಕ್ಕಕ್ಕೇ ಕೂರಬಹುದು.

ಲೆಕ್ಕಕ್ಕೆ ಮೊದಲು ಕಾರಿನ ಹೊಟ್ಟೆಯೊಳಗಿನ ಸಂಗತಿ ಸ್ವಲ್ಪ. ಎತ್ತಿನ ಗಾಡಿಗೆ ಈ ತಾಪತ್ರಯವೇ ಇಲ್ಲ. ಅದರ ಎರಡು ಚಕ್ರಗಳೂ ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ಉರುಳುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಸುತ್ತುತ್ತದೆ, ಒಳಗಿನದು ಕಡಿಮೆ ಸುತ್ತುತ್ತದೆ. ಒಂದಕ್ಕೊಂದು ಲೆಕ್ಕ ಒಪ್ಪಿಸಬೇಕಾಗಿಲ್ಲ. ಚಕ್ರವನ್ನು ಎಂಜಿನ್ ತಿರುಗಿಸತೊಡಗಿದ ಮೇಲೆ ಎರಡಕ್ಕೂ ಶಕ್ತಿ ಕೊಡಬೇಕು, ಆದರೆ ಒಂದೇ ವೇಗಕ್ಕೆ ಕಟ್ಟಿಹಾಕಬಾರದು ಎಂಬ ಇಕ್ಕಟ್ಟು ಬಂತು. ಅದನ್ನು ಬಿಡಿಸಿದ್ದು ಡಿಫರೆನ್ಷಿಯಲ್. ಮುಂದಿನ ಎರಡು ಚಕ್ರಗಳ ನಡುವೆ ಒಂದು, ಹಿಂದಿನ ಎರಡರ ನಡುವೆ ಇನ್ನೊಂದು. ಇವು ಗಟ್ಟಿ ಜೀವಗಳು. ಎಡ ಬಲದ ವ್ಯತ್ಯಾಸವನ್ನು ವರ್ಷಗಟ್ಟಲೆ ನುಂಗಿಕೊಳ್ಳಬಲ್ಲವು.

ನಾಜೂಕಿನದು ಮೂರನೆಯ ಕೀಲು, ಅಂದರೆ ಮುಂದಿನ ಜೋಡಿಯನ್ನೂ ಹಿಂದಿನ ಜೋಡಿಯನ್ನೂ ಬೆಸೆಯುವುದು. ನಿಮ್ಮ ನಾಲ್ಕು ಗೇರಿನ ಔಟ್‌ಬ್ಯಾಕಿನಲ್ಲಿ ಅಲ್ಲಿ ಡಿಫರೆನ್ಷಿಯಲ್ ಇಲ್ಲ, ಗೇರ್‌ಬಾಕ್ಸಿನ ಬಾಲದಲ್ಲಿ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ತಟ್ಟೆಗಳ ಒಂದು ಕಟ್ಟು ಇದೆ. ಮುಂದಿನ ಚಕ್ರಗಳಿಗೆ ಶಕ್ತಿ ನೇರವಾಗಿ ಹೋಗುತ್ತದೆ. ಹಿಂದಿನವಕ್ಕೆ ಎಷ್ಟು ಹೋಗಬೇಕು ಎಂಬುದು ಈ ತಟ್ಟೆಗಳನ್ನು ಎಷ್ಟು ಒತ್ತಿ ಹಿಡಿಯಲಾಗಿದೆ ಎಂಬುದನ್ನು ಅವಲಂಬಿಸಿದೆ. ಒತ್ತಡವನ್ನು ಕಂಪ್ಯೂಟರ್ ವಿದ್ಯುತ್ತಿನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ಕವಾಟದ ಮೂಲಕ ಏರಿಳಿಸುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ದೊಡ್ಡ ವೃತ್ತದಲ್ಲಿ ಹೋಗುತ್ತವೆ, ಹಿಂದಿನವು ಸಣ್ಣ ವೃತ್ತದಲ್ಲಿ. ಆ ಕ್ಷಣಕ್ಕೆ ತಟ್ಟೆಗಳು ಒಂದರ ಮೇಲೊಂದು ಸ್ವಲ್ಪ ಜಾರಿ ಹೊಂದಿಸಿಕೊಳ್ಳಬೇಕು. ತಿರುವು ಮುಗಿದರೆ ಜಾರುವಿಕೆಯೂ ಮುಗಿಯಿತು. ವಿನ್ಯಾಸ ಮಾಡಿದವರ ಕರಾರು ಇಷ್ಟೇ: ಆಗಾಗ ಜಾರು, ಉಳಿದ ಹೊತ್ತು ಆರಾಮವಾಗಿರು.

ನಾಲ್ಕರಲ್ಲಿ ಒಂದು ಚಕ್ರದ ಸುತ್ತಳತೆ ಬೇರೆಯಾದರೆ ಈ ಕರಾರು ಮುರಿಯುತ್ತದೆ. ದಾರಿ ನೇರವಾಗಿದ್ದರೂ ಕಾರಿನ ಹೊಟ್ಟೆಯಲ್ಲಿ ತಿರುವು ಮುಗಿಯುವುದೇ ಇಲ್ಲ.

ಈಗ ಲೆಕ್ಕ. ಟೈರಿನ ಮೇಲಿನ ಸಂಖ್ಯೆಗಳಲ್ಲಿ ಮೊದಲನೆಯದು ಮಿ.ಮೀ. ಲೆಕ್ಕದಲ್ಲಿ ಅಗಲ, ಎರಡನೆಯದು ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. 225/55 ಆರ್17 ಟೈರಿನ ವ್ಯಾಸ ಸುಮಾರು 679 ಮಿ.ಮೀ.; ಟಿ155/70 ಡಿ17ರದು ಸುಮಾರು 649. ಸುತ್ತಳತೆಯಲ್ಲಿ ಹೇಳುವುದಾದರೆ 2,134 ಮತ್ತು 2,038. ವ್ಯತ್ಯಾಸ 96 ಮಿ.ಮೀ. ಪ್ರತಿ ಕಿಲೋಮೀಟರಿಗೆ ದೊಡ್ಡ ಚಕ್ರ ಸುಮಾರು 469 ಸುತ್ತು ಹಾಕಿದರೆ ಸ್ಟೆಪ್ನಿ 491 ಹಾಕುತ್ತದೆ, 22 ಸುತ್ತು ಹೆಚ್ಚು. ಕಾಗದದ ಲೆಕ್ಕ ಇದು. ರಸ್ತೆಯ ಮೇಲೆ ಮಾಮೂಲಿ ಟೈರ್ ಭಾರಕ್ಕೆ ಸ್ವಲ್ಪ ಕುಗ್ಗುತ್ತದೆ, ಗಟ್ಟಿ ಗಾಳಿಯ ಸ್ಟೆಪ್ನಿ ಅಷ್ಟು ಕುಗ್ಗುವುದಿಲ್ಲ. ಹಾಗಾಗಿ ನಿಜವಾದ ವ್ಯತ್ಯಾಸ ಇದಕ್ಕಿಂತ ತುಸು ಕಡಿಮೆ. ಅಂದಾಜಿಗೆ ಇಷ್ಟು ಸಾಕು.

ಆ 22 ಸುತ್ತುಗಳನ್ನು ಮುಂದಿನ ಡಿಫರೆನ್ಷಿಯಲ್ ಅರ್ಧಕ್ಕಿಳಿಸುತ್ತದೆ, ಏಕೆಂದರೆ ಅದು ಮುಂದಿನ ಜೋಡಿಯನ್ನು ಹಿಂದಿನದಕ್ಕೆ ಬೆಸೆಯುವ ಮಧ್ಯದ ದಂಡಕ್ಕೆ ದಾಟಿಸುವುದು ಎರಡು ಚಕ್ರಗಳ ಸರಾಸರಿಯನ್ನು. ಉಳಿದದ್ದು 11. ಆದರೆ ಚಕ್ರ ಒಂದು ಸುತ್ತು ಹಾಕಿದರೆ ಮಧ್ಯದ ದಂಡ ಸುಮಾರು ನಾಲ್ಕೂವರೆ ಸುತ್ತು ಹಾಕುತ್ತದೆ. ಆದ್ದರಿಂದ ಕ್ಲಚ್ ತಟ್ಟೆಗಳ ಪಾಲಿಗೆ ಕಿಲೋಮೀಟರಿಗೆ ಸುಮಾರು 50 ಸುತ್ತಿನ ಜಾರುವಿಕೆ. ನೀವು ಓಡಿಸಿದ್ದು 25 ಮೈಲಿ, 40 ಕಿಲೋಮೀಟರ್. ಒಟ್ಟು 2,000 ಸುತ್ತು.

ಹೊಸ ಟೈರಿಗೆ ಬನ್ನಿ. ಟ್ರೆಡ್ಡಿನ ವ್ಯತ್ಯಾಸ 3.5 ಮಿ.ಮೀ. ಕಣ್ಣಿಗೆ ಏನೂ ಅಲ್ಲ, ಎರಡು ನಾಣ್ಯ ಜೋಡಿಸಿಟ್ಟಷ್ಟು. ವ್ಯಾಸದಲ್ಲಿ ಅದು 7, ಸುತ್ತಳತೆಯಲ್ಲಿ 22 ಮಿ.ಮೀ. ಅಂದರೆ ಶೇ 1ರಷ್ಟು. ಅದೇ ದಾರಿಯಲ್ಲಿ ಲೆಕ್ಕ ಹಾಕಿದರೆ ಕ್ಲಚ್ಚಿನಲ್ಲಿ ಕಿಲೋಮೀಟರಿಗೆ ಸುಮಾರು 11 ಸುತ್ತು. ಸ್ಟೆಪ್ನಿಯ ನಾಲ್ಕನೆಯ ಒಂದು ಭಾಗವೂ ಬರಲಿಲ್ಲ ಎಂದು ನಿಟ್ಟುಸಿರು ಬಿಡಬೇಡಿ. ಕಾನ್ವೇಯಿಂದ ಮನೆಗೆ 225 ಕಿಲೋಮೀಟರ್, ಆಮೇಲೆ ಹದಿನೈದು ದಿನ ಕಚೇರಿಗೆ 64ರಂತೆ 960. ಹತ್ತಿರ ಹತ್ತಿರ 1,200 ಕಿಲೋಮೀಟರ್. ಸುತ್ತುಗಳು 13,000. ಸ್ಟೆಪ್ನಿ ಮಾಡಿದ್ದಕ್ಕಿಂತ ಆರು ಪಟ್ಟಿಗೂ ಹೆಚ್ಚು, ಇನ್ನೂ ನಡೆಯುತ್ತಲೇ ಇದೆ.

ಸ್ಟೆಪ್ನಿಗೆ ಎಲ್ಲರೂ ಹೆದರುತ್ತಾರೆ, ಏಕೆಂದರೆ ಅದು ನೋಡಲು ವಿಚಿತ್ರವಾಗಿದೆ, ಮೇಲೆ ಹಳದಿ ಎಚ್ಚರಿಕೆಯ ಚೀಟಿ ಅಂಟಿಸಿಕೊಂಡಿದೆ. ಹೊಸ ಟೈರಿಗೆ ಯಾರೂ ಹೆದರುವುದಿಲ್ಲ. ಅದು ಕಪ್ಪಗೆ ಮಿರಿಮಿರಿ ಮಿಂಚುತ್ತಿರುತ್ತದೆ, ಅಳತೆಯ ಸಂಖ್ಯೆಯೂ ಅದೇ. ಆದರೆ ಸುಬಾರು ಕಂಪನಿ ಕೇಳುವುದು ನಾಲ್ಕೂ ಟೈರುಗಳ ಸುತ್ತಳತೆಯಲ್ಲಿ ಕಾಲು ಇಂಚಿಗಿಂತ, ಅಂದರೆ 6.4 ಮಿ.ಮೀ.ಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದೆಂದು. ಟ್ರೆಡ್ಡಿನ ಆಳಕ್ಕೆ ಇಳಿಸಿದರೆ ಅದು ಬರೀ 1 ಮಿ.ಮೀ. ನಿಮ್ಮದು ಮೂರೂವರೆ.

ಇಲ್ಲಿ ಒಂದು ಹಳೆಯ ನೆನಪು. 2000ದ ದಶಕದಲ್ಲಿ ಭಾರತದಲ್ಲಿ ಶೆವರ್ಲೆ ಹೆಸರಿನಲ್ಲಿ ಫಾರೆಸ್ಟರ್ ಎಂಬ ಕಾರು ಮಾರಾಟವಾಗುತ್ತಿತ್ತು. ಹಣೆಯ ಮೇಲಿನ ಚಿಹ್ನೆ ಬಿಟ್ಟರೆ ಅಪ್ಪಟ ಸುಬಾರು. ಸಕಲೇಶಪುರದ ಕಡೆಯ ಕಾಫಿ ತೋಟದವರೊಬ್ಬರು ಅದನ್ನು ನನ್ನ ಬಳಿ ತಂದರು. ತೋಟದ ಗೇಟಿನಲ್ಲಿ ತಿರುಗಿಸುವಾಗಲೆಲ್ಲ ಕಾರು ಮೊಂಡ ಹೋರಿಯಂತೆ ಕಾಲೂರಿ ನಿಲ್ಲುತ್ತಿತ್ತಂತೆ. ಬ್ರೇಕ್ ಹಿಡಿದುಕೊಳ್ಳುತ್ತಿದೆ ಎಂದು ಇಬ್ಬರು ಮೆಕ್ಯಾನಿಕ್‌ಗಳು ಎರಡು ಸಲ ಬ್ರೇಕ್ ಬಿಚ್ಚಿ ಜೋಡಿಸಿದ್ದರು. ನಾನು ಮೊದಲು ಬ್ರೇಕನ್ನೇ ನೋಡಿದೆ, ಜಂಬ ಕೊಚ್ಚಿಕೊಳ್ಳುವುದು ಬೇಡ. ಅರ್ಧ ದಿನ ಕಳೆದ ಮೇಲೆ, ಜಾಕ್ ಇಳಿಸುವಾಗ, ಮುಂದಿನ ಎರಡು ಟೈರ್ ಹೊಚ್ಚ ಹೊಸವು, ಹಿಂದಿನ ಎರಡು ಬೋಳು ಎಂಬುದು ಕಣ್ಣಿಗೆ ಬಿತ್ತು. ಅವರು ಉಳಿತಾಯದ ಮನುಷ್ಯರು. ಎರಡೆರಡಾಗಿ ಬದಲಿಸುವುದು ಅವರ ಮನೆಯ ಪದ್ಧತಿ, ಹಳೆಯ ಅಂಬಾಸಡರ್ ಕಾಲದಿಂದ ಬಂದದ್ದು. ಅಂಬಾಸಡರ್‌ಗೆ ಅದು ಸರಿಯೇ ಇತ್ತು. ನಾಲ್ಕೂ ಸಮ ಮಾಡಿಸಿ ಓಡಿಸಿದ ಮೇಲೂ ಕುಂಟು ಪೂರ್ತಿ ಹೋಗಲಿಲ್ಲ. ಮಧ್ಯದ ಕೀಲನ್ನೇ ಬದಲಿಸಬೇಕಾಯಿತು. ಉಳಿಸಿದ ಎರಡು ಟೈರಿನ ಬೆಲೆ ಅದರ ಮುಂದೆ ಏನೂ ಅಲ್ಲ.

ನಿಮ್ಮ ಕಾರಿನ ಕುಂಟುವಿಕೆಯೂ ಅದೇ ಜಾತಿಯದು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ವೇಗದ ವ್ಯತ್ಯಾಸ ಅತಿ ಹೆಚ್ಚು. ತಟ್ಟೆಗಳು ಆಗ ನುಣ್ಣಗೆ ಜಾರಬೇಕು. ಕಾದು, ಎಣ್ಣೆ ಸುಟ್ಟು, ಮೇಲ್ಮೈ ಒರಟಾದ ತಟ್ಟೆಗಳು ಜಾರುವುದಿಲ್ಲ. ಕಚ್ಚುತ್ತವೆ, ಬಿಡುತ್ತವೆ, ಮತ್ತೆ ಕಚ್ಚುತ್ತವೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಕಾರಿನ ಮುಂಭಾಗ ಹಿಂಭಾಗಗಳ ನಡುವೆ ಈಗ ನಡೆದಿರುವುದು ಅದೇ. ಒಂದು ಮಾತು ಸೇರಿಸಬೇಕು: 2008ರ ಕಾರು, ನಿಮ್ಮ ಕೈಗೆ ಬರುವ ಮೊದಲು ಅದರ ಗೇರ್‌ಬಾಕ್ಸ್ ಏನೇನು ಕಂಡಿತ್ತೋ. ಮೂರು ವಾರದಲ್ಲಿ ಲಕ್ಷಣ ಕಾಣಿಸಿಕೊಂಡಿದೆ ಎಂದರೆ ತಟ್ಟೆಗಳು ಮೊದಲೇ ಅರ್ಧ ದಣಿದಿದ್ದವು ಎಂದು ನನಗೆ ಅನಿಸುತ್ತದೆ. ಹೊಸ ಟೈರ್ ಕೊನೆಯ ನೂಕು ಕೊಟ್ಟಿತು.

ಈಗ ಏನು ಮಾಡಬೇಕು? ಒಂದು ಪರೀಕ್ಷೆಯನ್ನು ನೀವೇ ಮಾಡಬಹುದು, ಖರ್ಚಿಲ್ಲದೆ. ಬಾನೆಟ್ ಎತ್ತಿ ನೋಡಿ, ಎಂಜಿನ್ ಕೋಣೆಯಲ್ಲಿ ‘ಎಫ್‌ಡಬ್ಲ್ಯುಡಿ’ (ಫ್ರಂಟ್ ವೀಲ್ ಡ್ರೈವ್) ಎಂದು ಬರೆದ ಒಂದು ಪುಟ್ಟ ಕಪ್ಪು ಡಬ್ಬಿ ಇರುತ್ತದೆ. ಒಳಗೆ ಫ್ಯೂಸ್ ಕೂರುವ ಖಾಲಿ ಜಾಗ. ಅದು ಖಾಲಿಯಾಗಿಯೇ ಇರಬೇಕಾದದ್ದು. ಎಲ್ಲಿದೆ ಎಂಬುದು ಕಾರಿನ ಕೈಪಿಡಿಯಲ್ಲಿ, ತಾತ್ಕಾಲಿಕ ಚಕ್ರದ ಅಧ್ಯಾಯದಲ್ಲಿ ಸಿಗುತ್ತದೆ. ಫ್ಯೂಸ್ ಪೆಟ್ಟಿಗೆಯಲ್ಲಿರುವ ಬಿಡಿ ಫ್ಯೂಸ್ ಒಂದನ್ನು ಅಲ್ಲಿ ಸಿಕ್ಕಿಸಿ ಎಂಜಿನ್ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನಲ್ಲಿ ಅದೇ ಅಕ್ಷರಗಳ ದೀಪ ಹೊತ್ತುತ್ತದೆ. ಹಿಂದಿನ ಚಕ್ರಗಳಿಗೆ ಹೋಗುವ ಶಕ್ತಿ ಈಗ ನಿಂತಿತು; ತಟ್ಟೆಗಳ ಮೇಲಿನ ಒತ್ತಡ ತೆಗೆದುಹಾಕಲಾಗಿದೆ; ಕಾರು ಮುಂದಿನ ಚಕ್ರಗಳಿಂದ ಮಾತ್ರ ಓಡುತ್ತದೆ. ಒಣಗಿದ, ಸಮತಟ್ಟಾದ, ಖಾಲಿ ಪಾರ್ಕಿಂಗ್ ಜಾಗದಲ್ಲಿ ನಿಧಾನವಾಗಿ ಎರಡು ಸುತ್ತು ತಿರುಗಿಸಿ ನೋಡಿ.

ಕುಂಟುವುದು ನಿಂತರೆ ಒಳ್ಳೆಯ ಸುದ್ದಿ. ಕ್ಲಚ್ಚಿಗೆ ಬಿಡುವ ಶಕ್ತಿ ಇನ್ನೂ ಇದೆ. ಟೈರ್ ಸಮ ಮಾಡಿ, ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದರೆ ಉಳಿದುಕೊಳ್ಳುವ ಸಾಧ್ಯತೆ ಇದೆ. ಎಣ್ಣೆಯನ್ನು ಒಂದೇ ಸಲಕ್ಕೆ ಪೂರ್ತಿ ತೆಗೆಯಲಾಗುವುದಿಲ್ಲ, ಅರ್ಧದಷ್ಟು ಒಳಗೇ ಉಳಿಯುತ್ತದೆ. ಇಳಿಸಿ, ತುಂಬಿ, ಕೆಲವು ದಿನ ಓಡಿಸಿ, ಮತ್ತೆ ಇಳಿಸಿ. ಹೀಗೆ ಎರಡು ಮೂರು ಸಲ. ಫ್ಯೂಸ್ ಹಾಕಿದ ಮೇಲೂ, ದೀಪ ಹೊತ್ತಿರುವಾಗಲೂ ಕುಂಟಿದರೆ ಕವಾಟ ಸಿಕ್ಕಿಕೊಂಡಿದೆ ಅಥವಾ ತಟ್ಟೆಗಳೇ ಹಾಳಾಗಿವೆ. ಆಗಲೂ ಇಡೀ ಗೇರ್‌ಬಾಕ್ಸ್ ಹೋಯಿತೆಂದು ಯಾರಾದರೂ ಹೇಳಿದರೆ ನಂಬಿ ಸಹಿ ಹಾಕಬೇಡಿ. ಆ ಕ್ಲಚ್ ಇರುವುದು ಬಾಲದ ಕವಚದಲ್ಲಿ; ಗೇರ್‌ಬಾಕ್ಸ್ ಕಾರಿನಲ್ಲಿಯೇ ಇರುವಂತೆ ಅದನ್ನು ಮಾತ್ರ ಬಿಚ್ಚಬಹುದು. ಸುಬಾರು ಕೆಲಸ ತಿಳಿದವರನ್ನೇ ಹುಡುಕಿ, ನ್ಯೂ ಇಂಗ್ಲೆಂಡಿನಲ್ಲಿ ಅವರಿಗೆ ಬರವಿಲ್ಲ. ತಡೆತಡೆದು ಕುಂಟುವ ಬದಲು ತಿರುವಿನಲ್ಲಿ ಟಕಟಕ ಸದ್ದು ಬರುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಚಕ್ರದ ಬಳಿಯ ಸಿವಿ ಕೀಲಿನದು. ನಿಮ್ಮ ವಿವರಣೆಯಲ್ಲಿ ಆ ಸದ್ದು ಇಲ್ಲ.

ಪರೀಕ್ಷೆ ಮುಗಿದ ಮೇಲೆ ಫ್ಯೂಸ್ ಅಲ್ಲಿಯೇ ಇರಲಿ, ಟೈರ್ ಸಮವಾಗುವ ತನಕ. ಆದರೆ ಅದನ್ನು ತಿಂಗಳುಗಟ್ಟಲೆಯ ವ್ಯವಸ್ಥೆ ಮಾಡಿಕೊಳ್ಳಬೇಡಿ.

ಟೈರ್ ಸಮ ಮಾಡಲು ಮಾಮೂಲಿ ದಾರಿಗಳು ಮೂರು. ಉಳಿದ ಮೂರು ಟೈರುಗಳನ್ನೂ ಹೊಸದು ಹಾಕಿಸುವುದು. ಅಥವಾ ಹೊಸ ಟೈರಿನ ಟ್ರೆಡ್ಡನ್ನು ಯಂತ್ರದಲ್ಲಿ ಹೆರೆಸಿ 4.5ಕ್ಕೆ ತರುವುದು, ಹೊಸ ಸೀರೆಯನ್ನು ಕತ್ತರಿಸಿದಂತೆ ಎನಿಸಿದರೂ ಅಮೆರಿಕದಲ್ಲಿ ಆಲ್ ವೀಲ್ ಡ್ರೈವ್ ಕಾರಿನವರಿಗಾಗಿ ಇದನ್ನು ಮಾಡಿಕೊಡುವ ಅಂಗಡಿಗಳಿವೆ. ಅಥವಾ ಅದೇ ಕಂಪನಿಯ ಅದೇ ಮಾದರಿಯ, ಅಷ್ಟೇ ಸವೆದ ಹಳೆಯ ಟೈರ್ ಹುಡುಕುವುದು. ನಾನಾಗಿದ್ದರೆ ಮೂರನ್ನೂ ಬಿಟ್ಟು ಬೇರೆಯದೇ ಮಾಡುತ್ತಿದ್ದೆ. ನಿಮ್ಮಲ್ಲಿ ಈಗ ನವೆಂಬರ್. ಹಿಮ ಬೀಳುವ ಕಾಲ ಬಾಗಿಲಲ್ಲಿದೆ. ನಾಲ್ಕು ಚಳಿಗಾಲದ ಟೈರುಗಳನ್ನು ಒಟ್ಟಿಗೆ ಹಾಕಿಸಿ. ಒಂದೇ ಏಟಿಗೆ ನಾಲ್ಕೂ ಸಮ, ಮಂಜಿನ ಮೇಲೆ ಹಿಡಿತವೂ ಸಿಕ್ಕಿತು. 4.5 ಮಿ.ಮೀ. ಟ್ರೆಡ್ಡಿನ ಮೂರು ಟೈರುಗಳನ್ನು ನಂಬಿ ನ್ಯೂ ಇಂಗ್ಲೆಂಡಿನ ಜನವರಿ ದಾಟುವ ಯೋಚನೆ ಹೇಗೂ ಅಷ್ಟು ಜಾಣತನದ್ದಲ್ಲ. ಒಂಟಿ ಹೊಸ ಟೈರಿನ ವಿಚಾರವನ್ನು ಏಪ್ರಿಲ್‌ನಲ್ಲಿ ನೋಡಿಕೊಳ್ಳಿ.

ಅಂಗಡಿಯವರು ‘ಎಲ್ಲವೂ ಒಂದೇ ಸೈಜ್’ ಎಂದರೆ ಸುಮ್ಮನೆ ತಲೆಯಾಡಿಸಿ, ಬಟ್ಟೆ ಹೊಲಿಯುವವರ ಟೇಪು ಹೊರತೆಗೆಯಿರಿ. ಗಾಳಿ ಸಮ ಇರುವಾಗ, ಚಕ್ರ ನೆಲದಿಂದ ಮೇಲಿರುವಾಗ ಟ್ರೆಡ್ಡಿನ ನಟ್ಟನಡುವೆ ಟೇಪು ಸುತ್ತಿ ಅಳೆಯಿರಿ. 225/55 ಎಂಬ ಸಂಖ್ಯೆ ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ ನಿಜವಾದ ಸುತ್ತಳತೆ ಬದಲಾಗುತ್ತದೆ.

ಇನ್ನು ಆ ದಿನದ ನಿಮ್ಮ ಎರಡು ತಪ್ಪುಗಳು.

ಮೊದಲನೆಯದು, ಫ್ಯೂಸ್ ಹಾಕದೆ ಓಡಿಸಿದ್ದು. ಆ ಖಾಲಿ ಗೂಡು ಇರುವುದೇ ಸ್ಟೆಪ್ನಿ ಹಾಕಿದ ದಿನಕ್ಕಾಗಿ. ಎರಡನೆಯದು, ಸ್ಟೆಪ್ನಿಯನ್ನು ಮುಂದಕ್ಕೆ ಹಾಕಿದ್ದು. ನಿಮ್ಮ ಕಾಲದ ಸುಬಾರು ಆಲ್ ವೀಲ್ ಡ್ರೈವ್ ಕಾರುಗಳ ಕೈಪಿಡಿ ಹೇಳುವುದು ತಾತ್ಕಾಲಿಕ ಚಕ್ರ ಹಿಂದಕ್ಕೆ ಮಾತ್ರ ಎಂದು. ಮುಂದಿನ ಟೈರ್ ಸೀಳಿದ್ದರೆ ಹಿಂದಿನ ಒಳ್ಳೆಯ ಚಕ್ರ ಬಿಚ್ಚಿ ಮುಂದಕ್ಕೆ, ಅದರ ಜಾಗಕ್ಕೆ ಸ್ಟೆಪ್ನಿ. ಎರಡು ಸಲ ಜಾಕ್ ಹಾಕಬೇಕು, ಹೌದು. ಆದರೆ ಬ್ರೇಕಿನ ದೊಡ್ಡ ಪಾಲೂ ಸ್ಟಿಯರಿಂಗಿನ ಪೂರ್ತಿ ಕೆಲಸವೂ ಮುಂದಿನ ಚಕ್ರಗಳದು, 155 ಮಿ.ಮೀ. ಅಗಲದ ತೆಳು ರಬ್ಬರಿಗೆ ಅದನ್ನು ಒಪ್ಪಿಸುವುದು ಚೆನ್ನಲ್ಲ. ಇನ್ನೊಂದು ಸೂಕ್ಷ್ಮವೂ ಇದೆ. ಸಣ್ಣ ಚಕ್ರ ಮುಂದಿದ್ದರೆ ಮುಂದಿನ ಜೋಡಿ ಹಿಂದಿನದಕ್ಕಿಂತ ವೇಗವಾಗಿ ತಿರುಗುತ್ತದೆ. ಕಂಪ್ಯೂಟರಿನ ಕಣ್ಣಿಗೆ ಇದು ಮಂಜಿನಲ್ಲಿ ಮುಂದಿನ ಚಕ್ರಗಳು ಜಾರುವಾಗಿನ ದೃಶ್ಯವೇ. ಅದು ಪಾಪ ತನಗೆ ಕಲಿಸಿದ್ದನ್ನು ಮಾಡುತ್ತದೆ: ಕ್ಲಚ್ ಬಿಗಿಮಾಡಿ ಹಿಂದಕ್ಕೆ ಶಕ್ತಿ ಕಳಿಸಲು ನೋಡುತ್ತದೆ. ಸಡಿಲ ಬಿಡಬೇಕಾದ ಹೊತ್ತಿನಲ್ಲಿ ಬಿಗಿಹಿಡಿತ! ಫ್ಯೂಸ್ ಹಾಕಿ, ಸ್ಟೆಪ್ನಿಯನ್ನು ಹಿಂದಕ್ಕೆ ಹಾಕಿದ್ದರೆ ಹಿಂದಿನ ಜೋಡಿ ಎತ್ತಿನ ಗಾಡಿಯ ಚಕ್ರಗಳಂತೆ ಸುಮ್ಮನೆ ಉರುಳಿಕೊಂಡು ಬರುತ್ತಿತ್ತು.

ಕ್ಯಾಂಕಮಾಗಸ್‌ನಂತಹ ಜಾಗದಲ್ಲಿ ಇದೆಲ್ಲ ಹೇಳುವಷ್ಟು ಸುಲಭವಲ್ಲ ಎಂಬುದು ನನಗೆ ಗೊತ್ತು. ಲಿಂಕನ್‌ನಿಂದ ಕಾನ್ವೇವರೆಗೆ ಸುಮಾರು 35 ಮೈಲಿ ಒಂದು ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ಬಂದರೆ ಬಂತು. ರಸ್ತೆಯಂಚಿನಲ್ಲಿ ವಾಹನಗಳು ಸಾಲಾಗಿ ಹಾಯುತ್ತಿರುವಾಗ ಎರಡು ಸಲ ಜಾಕ್ ಹಾಕುತ್ತ ಕೂರಿ ಎಂದು ನಾನು ಹೇಳುವುದಿಲ್ಲ. ಸಿಕ್ಕ ಜಾಗಕ್ಕೆ ಸ್ಟೆಪ್ನಿ ಹಾಕಿಕೊಂಡು, ಮೆಲ್ಲಗೆ ಮುಂದಿನ ನೋಟತಾಣದ ವಿಶಾಲ ಪಾರ್ಕಿಂಗಿಗೆ ಹೋಗಿ, ಅಲ್ಲಿ ಅದಲುಬದಲು ಮಾಡಿಕೊಳ್ಳಬಹುದಿತ್ತು. ಗೇರ್‌ಬಾಕ್ಸಿಗಿಂತ ನಿಮ್ಮ ಬೆನ್ನ ಹಿಂದೆ ಬರುವ ಲಾರಿ ದೊಡ್ಡದು.

ಸ್ಟೆಪ್ನಿಯ ಗಾಳಿ ನೋಡಿದ್ದಿರಾ? ಪತ್ರದಲ್ಲಿ ಅದರ ಸುದ್ದಿಯಿಲ್ಲ. ಇಂತಹ ಚಕ್ರಕ್ಕೆ 60 ಪಿಎಸ್‌ಐ ಬೇಕು, ಮಾಮೂಲಿ ಟೈರಿನ ಹೆಚ್ಚುಕಡಿಮೆ ಎರಡರಷ್ಟು. ವರ್ಷಗಟ್ಟಲೆ ಡಿಕ್ಕಿಯಲ್ಲಿ ಮಲಗಿದ್ದು ಏಳುವಾಗ ಅರ್ಧ ಗಾಳಿ ಸೋರಿರುತ್ತದೆ. ಅದರ ಗೋಡೆಯ ಮೇಲಿನ ‘ಟಿ’ ಎಂದರೆ ತಾತ್ಕಾಲಿಕ. ‘ಡಿ’ ಎಂದರೆ ಒಳಗಿನ ದಾರಗಳು ಓರೆಯಾಗಿ ಹೆಣೆದ ಹಳೆಯ ಬಗೆಯವು, ಇಂದಿನ ರೇಡಿಯಲ್ ಅಲ್ಲ. ಗಂಟೆಗೆ 50 ಮೈಲಿ, 80 ಕಿಲೋಮೀಟರ್ ಅದರ ಮಿತಿ. ಕ್ರೂಸ್ ಕಂಟ್ರೋಲ್ ಬೇಡ, ಅದಕ್ಕೆ ಚೈನು ಕಟ್ಟುವುದಂತೂ ಬೇಡವೇ ಬೇಡ. ಟೈರ್ ಗಾಳಿಯ ಹಳದಿ ದೀಪ ಸ್ವಲ್ಪ ಹೊತ್ತು ಮಿನುಗಿ ಆಮೇಲೆ ಉರಿಯುತ್ತಲೇ ಇದ್ದಿರಬೇಕು. ಸ್ಟೆಪ್ನಿಯಲ್ಲಿ ಸಂವೇದಕ ಇಲ್ಲದ್ದರಿಂದ ಹಾಗೆ, ಗಾಬರಿಯಾಗುವ ಕಾರಣವಿಲ್ಲ. ದೂರದ ಮಟ್ಟಿಗೆ, ಹತ್ತಿರದ ಟೈರ್ ಅಂಗಡಿಯ ತನಕ ಎಂಬುದೇ ನನ್ನ ಅಳತೆಗೋಲು. 50 ಮೈಲಿ ದಾಟಿತೆಂದರೆ ಕಾರನ್ನು ಪೂರ್ತಿ ಮೇಲಕ್ಕೇರಿಸಿಕೊಳ್ಳುವ ಚಪ್ಪಟೆ ಲಾರಿ ಕರೆಸಿ. ಎರಡು ಚಕ್ರ ಎತ್ತಿ ಎರಡನ್ನು ನೆಲದಲ್ಲಿ ಎಳೆದುಕೊಂಡು ಹೋಗುವ ಬಗೆಯದು ಬಂದರೆ ವಾಪಸು ಕಳಿಸಿ. ಆಲ್ ವೀಲ್ ಡ್ರೈವ್ ಕಾರಿಗೆ ಅದು ಸ್ಟೆಪ್ನಿಗಿಂತ ನೂರು ಪಾಲು ಕೆಟ್ಟದ್ದು.

ಸ್ಟೆಪ್ನಿ ಎಂದು ಅಮೆರಿಕದ ಅಂಗಡಿಯಲ್ಲಿ ಕೇಳಿದರೆ ಮುಖ ಮುಖ ನೋಡುತ್ತಾರೆ, ಅವರಿಗೆ ಅದು ಡೋನಟ್. ನಮ್ಮ ಮಾತು ಬಂದದ್ದು ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಅಲ್ಲಿ ಡೇವಿಸ್ ಸಹೋದರರು ಕಡ್ಡಿಗಳಿಲ್ಲದ, ಟೈರ್ ತೊಡಿಸಿದ ಒಂದು ಬಳೆಯನ್ನು ತಯಾರಿಸಿದರು. ಪಂಚರ್ ಆದ ಚಕ್ರವನ್ನು ಬಿಚ್ಚದೆ, ಅದರ ಮಗ್ಗುಲಿಗೇ ಬಿಗಿದುಕೊಂಡು ಮನೆ ಸೇರುವ ಉಪಾಯ ಅದು. ಆ ಹೆಸರು ನಮ್ಮ ಪಂಚರ್ ಅಂಗಡಿಗಳಲ್ಲಿ ಇನ್ನೂ ಬದುಕಿದೆ. ಮೊದಲ ಸ್ಟೆಪ್ನಿಯೂ ತಾತ್ಕಾಲಿಕವೇ ಆಗಿತ್ತು ಎಂಬುದು ನನಗೆ ಇಷ್ಟದ ಸಂಗತಿ.

ಫ್ಯೂಸಿನ ಈ ಸೌಕರ್ಯವನ್ನು ಎಲ್ಲ ಕಾರುಗಳಲ್ಲಿ ಹುಡುಕಬೇಡಿ. ಅದೇ ಕಾಲದ ಕೈಗೇರಿನ ಔಟ್‌ಬ್ಯಾಕಿನಲ್ಲಿ ಮಧ್ಯದ ಡಿಫರೆನ್ಷಿಯಲ್ಲಿಗೆ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಜೋಡಣೆ ಇದೆ. ಸತತ ಜಾರಿದರೆ ದ್ರವ ಕಾದು ಹಿಗ್ಗಿ ಜೋಡಣೆ ಬಿಗಿಯಾಗಿಬಿಡುತ್ತದೆ, ಅದಕ್ಕೆ ಫ್ಯೂಸ್ ಇಲ್ಲ. ಅಲ್ಲಿ ಸ್ಟೆಪ್ನಿಯ ಪ್ರಯಾಣ ಇನ್ನೂ ಚಿಕ್ಕದಾಗಿರಲಿ. ಟೊಯೊಟಾ ರಾವ್4 ಹೈಬ್ರಿಡ್‌ನಂತಹವುಗಳಲ್ಲಿ ಹಿಂದಿನ ಚಕ್ರಗಳನ್ನು ಪ್ರತ್ಯೇಕ ವಿದ್ಯುತ್ ಮೋಟಾರು ತಿರುಗಿಸುತ್ತದೆ. ಮುಂದಕ್ಕೂ ಹಿಂದಕ್ಕೂ ನಡುವೆ ಉಕ್ಕಿನ ದಂಡವೇ ಇಲ್ಲ, ಆದ್ದರಿಂದ ಜಗಳವೂ ಇಲ್ಲ. ಎರಡು ಮೋಟಾರಿನ ವಿದ್ಯುತ್ ಕಾರುಗಳದೂ ಅದೇ ಕತೆ.

ಕರ್ನಾಟಕದ ಓದುಗರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಥಾರ್, ಜಿಮ್ನಿಗಳ ಬೆನ್ನಿಗೆ ನೇತಾಡುವುದು ಪೂರ್ಣ ಗಾತ್ರದ ಚಕ್ರ. ಡಾಂಬರಿನ ಮೇಲೆ ಅವನ್ನು ಎರಡು ಚಕ್ರದ ಸ್ಥಿತಿಯಲ್ಲೇ ಓಡಿಸಬೇಕು, ಹಾಗಾಗಿ ಈ ತಲೆನೋವು ಅಲ್ಲಿಲ್ಲ. ಗ್ರ್ಯಾಂಡ್ ವಿಟಾರಾದ ಆಲ್‌ಗ್ರಿಪ್ ಮಾದರಿಯಲ್ಲಿ ಹಿಂದಿನ ಜೋಡಿಗೆ ಬೇಕೆಂದಾಗ ಶಕ್ತಿ ಕಳಿಸುವ ವ್ಯವಸ್ಥೆ ಇದೆ. ಟೈರ್ ಹೆಚ್ಚುಕಡಿಮೆ ಆಗಿರುವಾಗ ಅದರ ಲಾಕ್ ಗುಂಡಿಯ ತಂಟೆಗೆ ಹೋಗಬೇಡಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಕಾರು ಇಟ್ಟುಕೊಂಡವರೆಲ್ಲ ಡಿಕ್ಕಿಯಲ್ಲಿ ಪಂಚರ್ ಬತ್ತಿಯ ಕಿಟ್ಟನ್ನೂ 12 ವೋಲ್ಟ್ ಗಾಳಿ ಪಂಪನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಟ್ರೆಡ್ಡಿಗೆ ಮೊಳೆ ಹೊಕ್ಕಿದ್ದರೆ ಬತ್ತಿ ತುರುಕಿ ನಿಮ್ಮದೇ ಟೈರಿನಲ್ಲಿ ಮನೆಗೆ ಹೋಗಬಹುದು, ಸುತ್ತಳತೆಯ ಮಾತೇ ಏಳುವುದಿಲ್ಲ. ನಿಮ್ಮದು ಪಕ್ಕೆಯ ಸೀಳು, ಅದಕ್ಕೆ ಯಾವ ಬತ್ತಿಯೂ ಇಲ್ಲ.

ಫ್ಯೂಸ್ ಹಾಕಿ ತಿರುಗಿಸಿದಾಗ ಏನಾಯಿತೆಂದು ಬರೆಯಿರಿ. ಎಣ್ಣೆ ಅಳೆಯುವ ಕಡ್ಡಿಯನ್ನು ಬಿಳಿ ಕಾಗದಕ್ಕೆ ಒರೆಸಿ ಅದರ ಫೋಟೊ ಕಳಿಸಿ, ವಾಸನೆ ಹೇಗಿದೆ ಎಂಬುದನ್ನೂ ತಿಳಿಸಿ. ಕೆಂಪಗಿದ್ದರೆ ಒಂದು ಮಾತು. ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೆ ಬಾಲದ ಕವಚ ಬಿಚ್ಚಿಸುವ ಖರ್ಚಿಗೆ ಸಿದ್ಧರಾಗಿ.